ಸಂದೇಶ ಬಂತು, ಬೋನಸ್ಸು ಬರಲಿಲ್ಲ

ದೀಪಾವಳಿಗೆ ಇನ್ನು ಹತ್ತು ದಿನಗಳಿವೆ. ಗಿರಣಿಗಳ ನೋಟೀಸು ಹಲಗೆಯ ಮೇಲೆ ಬೋನಸ್ಸಿನ ಮಾತು ಇನ್ನೂ ಕಾಣಿಸಿಕೊಂಡಿಲ್ಲ. ಆದರೆ ನಮ್ಮ ಊರಿನ ಹೊಣೆ ಹೊತ್ತಿರುವ ಹಿರಿಯ ಅಧಿಕಾರಿಗಳೊಬ್ಬರ ಹಬ್ಬದ ಸಂದೇಶ ಮಾತ್ರ ತಪ್ಪದೆ ಬಂದಿದೆ. ಅದು ಕರಪತ್ರವಾಗಿ ಬಂದಿದೆ. ಆಟೋರಿಕ್ಷಾಕ್ಕೆ ಕಟ್ಟಿದ ಧ್ವನಿವರ್ಧಕದಲ್ಲಿ ಗಿರಣಿ ಚಾಳುಗಳ ಮುಂದೆಯೂ ಸಂತೆಪೇಟೆಯಲ್ಲಿಯೂ ಕೂಗಿ ಹೋಗಿದೆ. ಮೊಬೈಲು ಇರುವವರಿಗೆಲ್ಲ ಅಧಿಕಾರಿಗಳ ಭಾವಚಿತ್ರ ಸಮೇತ ತಲುಪಿದೆ.

ಸಂದೇಶದಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಖರ್ಚಿನ ವಿಷಯ. ಬೆಲೆಗಳು ಏರಿರುವ ಈ ಕಾಲದಲ್ಲಿ ನಾಗರಿಕರು ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಂತೆ. ಸಾಲ ಮಾಡಿ ಹಬ್ಬ ಮಾಡಬಾರದಂತೆ. ಬೀದಿಯಲ್ಲಿ ಸಿಕ್ಕುವ ಅಗ್ಗದ ಮಾಲಿಗೆ ಮರುಳಾಗಬಾರದಂತೆ. ಎರಡನೆಯದು ಸಾರ್ವಜನಿಕರ ರಕ್ಷಣೆಯ ವಿಷಯ. ಊರಿಗೆ ಹೋಗುವವರು ಮನೆಗೆ ಭದ್ರವಾಗಿ ಬೀಗ ಹಾಕಿ ಪೋಲೀಸು ಠಾಣೆಗೆ ತಿಳಿಸಿ ಹೋಗಬೇಕು. ಹೆಂಗಸರು ಕತ್ತಲಾದ ಮೇಲೆ ಒಡವೆ ಧರಿಸಿ ಒಂಟಿಯಾಗಿ ತಿರುಗಬಾರದು. ಪಟಾಕಿಯನ್ನು ರಾತ್ರಿ 8ರಿಂದ 10 ಗಂಟೆಯವರೆಗೆ ಮಾತ್ರ ಹಚ್ಚಬೇಕು. ಸಂಚಾರಕ್ಕೆ ಅಡ್ಡಿಯಾಗುವ ತಳ್ಳುಗಾಡಿಗಳನ್ನು ಹಬ್ಬದ ವಾರ ಮುಖ್ಯ ಬೀದಿಗಳಿಂದ ತೆರವು ಮಾಡಲಾಗುವುದು. ಕೊನೆಯಲ್ಲಿ ಸರ್ವರಿಗೂ ಶುಭಾಶಯ.

ಅಧಿಕಾರಿಗಳು ಕೆಟ್ಟ ಮನಸ್ಸಿನಿಂದ ಇದನ್ನು ಬರೆದಿದ್ದಾರೆಂದು ನಾವು ಹೇಳುವುದಿಲ್ಲ. ಬೀಗ ಹಾಕಿರೆಂದರೆ ಬೇಡವೆನ್ನುವವರು ಯಾರು? ಪಟಾಕಿಯ ವೇಳೆಯ ನಿಯಮವನ್ನು 2018ರಲ್ಲಿ ಸುಪ್ರೀಂ ಕೋರ್ಟೇ ವಿಧಿಸಿತು. ಅದನ್ನು ಜನಕ್ಕೆ ತಿಳಿಸುವುದು ಅವರ ಕರ್ತವ್ಯವೇ ಸರಿ. ಆದರೆ ಸಂದೇಶವನ್ನು ಎರಡು ಸಲ ಓದಿದ ಮೇಲೆ ನಮಗೆ ಒಂದು ಸಂಗತಿ ಎದ್ದು ಕಂಡಿತು. ಅದರಲ್ಲಿರುವ ಬುದ್ಧಿವಾದವೆಲ್ಲ ಕೊಳ್ಳುವವನಿಗೆ, ನಡೆಯುವವಳಿಗೆ, ಗಾಡಿ ತಳ್ಳುವವನಿಗೆ. ಬಟವಾಡೆ ಮಾಡಬೇಕಾದವನಿಗೆ ಒಂದು ಸಾಲೂ ಇಲ್ಲ. ಬಡ್ಡಿ ಎಣಿಸುವವನಿಗೆ ಒಂದು ಸಾಲೂ ಇಲ್ಲ. ಕಾಯಿದೆಯನ್ನು ನಡೆಸಬೇಕಾದ ಕಛೇರಿಗಳಿಗೂ ಒಂದು ಸಾಲು ಇಲ್ಲ. ಹಬ್ಬದ ಹೊತ್ತಿನಲ್ಲಿ ತಪ್ಪು ಮಾಡಬಹುದಾದವರು ಬಡವರು ಮಾತ್ರವೇ ಎಂಬಂತೆ ಅದನ್ನು ಬರೆಯಲಾಗಿದೆ. ನಮ್ಮ ತಕರಾರು ಇರುವುದು ಇಲ್ಲಿ.

ಮೊದಲು ಹಾಸಿಗೆಯ ಮಾತನ್ನೇ ತೆಗೆದುಕೊಳ್ಳೋಣ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ನಮ್ಮ ಹಿರಿಯರದು, ಒಳ್ಳೆಯ ಗಾದೆ. ಆದರೆ ಹಾಸಿಗೆಯ ಉದ್ದ ಎಷ್ಟಿರಬೇಕೆಂಬುದನ್ನು ಈ ದೇಶ ಎಂದೋ ಅಳೆದು ಬರೆದಿಟ್ಟಿದೆಯೆಂಬುದು ಅಧಿಕಾರಿಗಳಿಗೆ ಗೊತ್ತಿರಬೇಕು. 1957ರಲ್ಲಿ ಸೇರಿದ ಭಾರತೀಯ ಕಾರ್ಮಿಕ ಸಮ್ಮೇಳನದ 15ನೆಯ ಅಧಿವೇಶನದಲ್ಲಿ ಸರಕಾರ, ಮಾಲೀಕರು, ಕಾರ್ಮಿಕರು ಮೂವರೂ ಒಂದೇ ಮೇಜಿನ ಸುತ್ತ ಕುಳಿತು ಒಪ್ಪಿದ ಅಳತೆ ಅದು. ದುಡಿಯುವವನೊಬ್ಬನ ಸಂಬಳದಲ್ಲಿ ಮೂರು ಪಾಲು ಹೊಟ್ಟೆಗಳು ತುಂಬಬೇಕು, ಅಂದರೆ ಗಂಡ, ಹೆಂಡತಿ, ಇಬ್ಬರು ಮಕ್ಕಳು. ಒಂದೊಂದು ಪಾಲಿಗೆ ದಿನಕ್ಕೆ 2,700 ಕ್ಯಾಲೊರಿಯ ಆಹಾರ. ಮನೆಗೆ ವರ್ಷಕ್ಕೆ 72 ಗಜ ಬಟ್ಟೆ. ಸರಕಾರದ ಕಾರ್ಮಿಕ ವಸತಿ ಯೋಜನೆಯ ಕನಿಷ್ಠ ಬಾಡಿಗೆಯಷ್ಟು ಮನೆಬಾಡಿಗೆ. ಸೌದೆ, ದೀಪ ಮುಂತಾದ ಉಳಿದ ಖರ್ಚಿಗೆ ಒಟ್ಟು ಕನಿಷ್ಠ ವೇತನದಲ್ಲಿ ನೂರಕ್ಕೆ 20.

ಲೆಕ್ಕ ಇಲ್ಲಿಗೂ ಮುಗಿಯಲಿಲ್ಲ. 1991ರಲ್ಲಿ ರೆಪ್ಟಕೋಸ್ ಬ್ರೆಟ್ ಮೊಕದ್ದಮೆಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಈ ಐದು ಬಾಬುಗಳ ಜೊತೆಗೆ ಆರನೆಯದೊಂದನ್ನು ಸೇರಿಸಿತು. ಮಕ್ಕಳ ಓದು, ಔಷಧೋಪಚಾರ, ಮುಪ್ಪಿನ ಕಾಲ, ಮದುವೆ, ಅಲ್ಪಸ್ವಲ್ಪ ಮನರಂಜನೆ — ಇವಕ್ಕಾಗಿ ಕನಿಷ್ಠ ವೇತನದಲ್ಲಿ ನೂರಕ್ಕೆ 25 ಭಾಗ ಇರತಕ್ಕದ್ದು ಎಂದಿತು. ಆ ಮನರಂಜನೆಯಲ್ಲಿ ಹಬ್ಬಹರಿದಿನಗಳನ್ನೂ ಹೆಸರಿಟ್ಟೇ ಸೇರಿಸಿತು. ಓದುಗರು ಇದನ್ನು ಗಮನವಿಟ್ಟು ನೋಡಬೇಕು. ಹಬ್ಬವು ಮಾಲೀಕನ ಔದಾರ್ಯವೂ ಅಲ್ಲ, ಕಾರ್ಮಿಕನ ದುಂದುಗಾರಿಕೆಯೂ ಅಲ್ಲ. ಅದು ಕನಿಷ್ಠ ವೇತನದ ಒಳಗಿನ ಒಂದು ಬಾಬು. ಗರಿಷ್ಠವಲ್ಲ, ಕನಿಷ್ಠ! ಮಗುವಿಗೊಂದು ಅಂಗಿ, ಮನೆಗೊಂದಿಷ್ಟು ಬೆಲ್ಲ, ಎಣ್ಣೆ, ಬಾಗಿಲಲ್ಲಿ ನಾಲ್ಕು ಹಣತೆ — ಇಷ್ಟಕ್ಕೆ ಸಾಲದ ಸಂಬಳ ಕನಿಷ್ಠ ವೇತನವೇ ಅಲ್ಲ.

ಹೀಗಿರುವಾಗ, ಹಬ್ಬಕ್ಕೆ ಸಾಲ ಮಾಡಬೇಡಿರೆಂದು ಕಾರ್ಮಿಕನಿಗೆ ಹೇಳುವ ಮೊದಲು, ಸಾಲ ಮಾಡದೆ ಹಬ್ಬ ಮಾಡುವಷ್ಟು ಸಂಬಳ ಅವನಿಗೆ ಸಿಕ್ಕಿದೆಯೇ ಎಂದು ಕೇಳಬೇಡವೇ? ಈ ಅಳತೆಯ ಮೇರೆಗೆ ಲೆಕ್ಕ ಹಾಕಿ 2025ರ ಏಪ್ರಿಲ್‌ನಲ್ಲಿ ರಾಜ್ಯ ಸರಕಾರ ಕನಿಷ್ಠ ವೇತನದ ಕರಡೊಂದನ್ನು ಹೊರಡಿಸಿತು. ಅದರ ಪ್ರಕಾರ ಎಲ್ಲಕ್ಕಿಂತ ಕೆಳಗಿನ ವಲಯದ ಅಕುಶಲ ಕೆಲಸಗಾರನಿಗೂ ತಿಂಗಳಿಗೆ 19,319 ರೂಪಾಯಿ ಆಗಬೇಕಿತ್ತು. ಕರಡು ಬಂದ ಕೂಡಲೇ ಮಾಲೀಕರ ಸಂಘಗಳಿಂದ ಆಕ್ಷೇಪಣೆಗಳು ಎದ್ದವು. ಕೈಗಾರಿಕೆ ಮುಳುಗಿಹೋಗುತ್ತದೆಂಬ ಕೂಗು ಕೇಳಿಬಂತು. ಮಾಲೀಕರು ಹಾಸಿಗೆಯನ್ನು ಮೊಟಕು ಮಾಡಲು ಹೊರಟಾಗ ಯಾವ ಅಧಿಕಾರಿಗಳೂ ಧ್ವನಿವರ್ಧಕ ಕಟ್ಟಿಕೊಂಡು ಬರಲಿಲ್ಲ. ಕಾಲು ಚಾಚುವವನಿಗೆ ಮಾತ್ರ ಗಾದೆ ನೆನಪು ಮಾಡಲಾಗುತ್ತಿದೆ.

ಸಂದೇಶದಲ್ಲಿ ಒಂದೇ ಒಂದು ಅಂಕಿಯಿದೆ, ಅದು ಪಟಾಕಿಯ ವೇಳೆ. ಖರ್ಚಿನ ಭಾಗದಲ್ಲಿ ಅಂಕಿಯೇ ಇಲ್ಲ. ಇದು ಹಳೆಯ ಚಾಳಿ. 1963ರ ಆಗಸ್ಟ್‌ನಲ್ಲಿ ಡಾ. ಲೋಹಿಯಾ ಅವರು ಲೋಕಸಭೆಯಲ್ಲಿ ಎದ್ದು ನಿಂತು, ಈ ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆಂದು ಲೆಕ್ಕ ಸಮೇತ ಹೇಳಿದಾಗ, ಮೂರಾಣೆಯಲ್ಲ ಹದಿನೈದಾಣೆ ಎಂಬ ಉತ್ತರ ಪ್ರಧಾನಿಗಳಿಂದ ಬಂತು. ಅಂದಿನ ವಾದದಲ್ಲಿ ಯಾರ ಅಂಕಿ ಸರಿಯೆಂಬುದಕ್ಕಿಂತ ದೊಡ್ಡ ಸಂಗತಿಯೊಂದು ನಡೆಯಿತು. ಬಡತನವೆಂಬುದು ಬುದ್ಧಿವಾದದ ವಿಷಯವಾಗಿ ಉಳಿಯದೆ ಲೆಕ್ಕದ ವಿಷಯವಾಯಿತು. ನಮ್ಮ ಅಧಿಕಾರಿಗಳೂ ಲೆಕ್ಕಕ್ಕೆ ಬರಲಿ ಎಂಬುದಷ್ಟೇ ನಮ್ಮ ಕೋರಿಕೆ.

ಲೆಕ್ಕವೆಂದರೆ ಈ ಹತ್ತು ದಿನಗಳಲ್ಲಿ ಮೊದಲನೆಯದು ಬೋನಸ್ಸು. ಬೋನಸ್ಸು ಎಂಬುದು ಇನಾಮೆಂದು ಇಂದಿಗೂ ನಂಬಿರುವ ಗುಮಾಸ್ತರಿದ್ದಾರೆ, ಕಾರ್ಮಿಕರೂ ಇದ್ದಾರೆ. ಅದರ ಚರಿತ್ರೆ ಬೇರೆಯೇ ಇದೆ. 1917ರಲ್ಲಿ ಮಹಾಯುದ್ಧದ ತುಟ್ಟಿಕಾಲದಲ್ಲಿ ಬೊಂಬಾಯಿಯ ಗಿರಣಿಗಳಲ್ಲಿ ಯುದ್ಧದ ಬೋನಸ್ಸೆಂದು ಅದು ಆರಂಭವಾಯಿತು. 1918ರಲ್ಲಿ ಅಹಮದಾಬಾದಿನ ಮಾಲೀಕರು ಪ್ಲೇಗಿನ ಕಾಲದಲ್ಲಿ ಕೊಡುತ್ತಿದ್ದ ಬೋನಸ್ಸನ್ನು ನಿಲ್ಲಿಸಿದಾಗ ಕಾರ್ಮಿಕರು ಗಿರಣಿ ಬಿಟ್ಟು ಹೊರಬಂದರು. ಅವರಿಗಾಗಿ ಗಾಂಧೀಜಿ ಉಪವಾಸ ಕೂತರು. 1924ರಲ್ಲಿ ಬೊಂಬಾಯಿಯ ಮಾಲೀಕರು ಬೋನಸ್ಸನ್ನು ತಡೆದಾಗ ಅಲ್ಲಿಯ ಗಿರಣಿಗಳು ನಿಂತುಹೋದವು. ಹೀಗೆ ಮುಷ್ಕರದಿಂದ ಮುಷ್ಕರಕ್ಕೆ ಬೆಳೆದುಬಂದ ಹಕ್ಕು 1965ರಲ್ಲಿ ಕಾಯಿದೆಯಾಯಿತು. ಆ ಕಾಯಿದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ವೇತನ ಸಂಹಿತೆ ಬಂದಿದೆ. ಹೊಸ ಸಂಹಿತೆಗಳ ಬಗ್ಗೆ ನಮಗೆ ತಕರಾರುಗಳು ಬೇಕಾದಷ್ಟಿವೆ. ಆದರೂ ಬೋನಸ್ಸಿನ ಬುಡದ ನಿಯಮ ಅದರಲ್ಲಿಯೂ ಉಳಿದಿದೆ. ಇಪ್ಪತ್ತು ಜನರಿಗೆ ಕಡಿಮೆಯಿಲ್ಲದ ಸಂಸ್ಥೆಯಲ್ಲಿ, ವರ್ಷದಲ್ಲಿ 30 ದಿನವಾದರೂ ದುಡಿದವನಿಗೆ, ಸಂಬಳದ ನೂರಕ್ಕೆ 8.33 ಭಾಗ ಕೊಡಲೇಬೇಕು. ಗಿರಣಿಗೆ ಲಾಭ ಬಂದಿರಲಿ ಬಿಡಲಿ, ಅಷ್ಟು ಕೊಡಲೇಬೇಕು. ಲಾಭ ಹೆಚ್ಚಿದ್ದರೆ ನೂರಕ್ಕೆ 20ರ ವರೆಗೆ ಏರಬಹುದು.

ಇನ್ನು ಮೋಸ ಎಲ್ಲಿ ನಡೆಯುತ್ತದೆಂಬುದನ್ನು ನೋಡೋಣ. ಬೋನಸ್ಸನ್ನು ಯಾವ ಸಂಬಳದ ಮೇಲೆ ಕಟ್ಟಬೇಕು? 2015ರ ತಿದ್ದುಪಡಿಯಲ್ಲಿ, ತಿಂಗಳಿಗೆ 7,000 ರೂಪಾಯಿ ಅಥವಾ ಆ ಉದ್ಯೋಗಕ್ಕೆ ನಿಗದಿಯಾದ ಕನಿಷ್ಠ ವೇತನ, ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಎಂದು ಬರೆಯಲಾಯಿತು. ಕನಿಷ್ಠ ವೇತನ ಹೆಚ್ಚಾಗಿದ್ದರೆ ಅದನ್ನೇ ಹಿಡಿಯಬೇಕೆಂಬ ಮಾತು ಹೊಸ ಸಂಹಿತೆಯಲ್ಲಿಯೂ ಇದೆ. ಆದರೆ ನಮ್ಮಲ್ಲಿಗೆ ಬರುವ ಬೋನಸ್ಸಿನ ಚೀಟಿಗಳನ್ನು ನೋಡಿದರೆ ಎಷ್ಟೋ ಕಡೆ 7,000 ಎಂಬ ಅಂಕಿಯನ್ನೇ ಕಲ್ಲಿನ ಮೇಲೆ ಕೆತ್ತಿದಂತೆ ಹಿಡಿದುಕೊಂಡಿದ್ದಾರೆ. ವ್ಯತ್ಯಾಸ ಎಷ್ಟೆಂಬುದಕ್ಕೆ ಒಂದು ಉದಾಹರಣೆ ಸಾಕು. ಒಂದು ಉದ್ಯೋಗದಲ್ಲಿ ಕನಿಷ್ಠ ವೇತನ ತಿಂಗಳಿಗೆ 14,000 ರೂಪಾಯಿ ಎಂದಿಟ್ಟುಕೊಳ್ಳೋಣ. 7,000ದ ಮೇಲೆ ಕಟ್ಟಿದರೆ ವರ್ಷದ ಬೋನಸ್ಸು 6,997 ರೂಪಾಯಿ. 14,000ದ ಮೇಲೆ ಕಟ್ಟಿದರೆ 13,994 ರೂಪಾಯಿ. ಸರಿಯಾಗಿ ಅರ್ಧ ಮಾಯ! ಮನೆಯ ಬೀಗ ಒಡೆದು ಏಳು ಸಾವಿರ ರೂಪಾಯಿ ಕದ್ದರೆ ಅದು ಕಳವು, ಅದಕ್ಕೆ ಪೋಲೀಸರು ಬರುತ್ತಾರೆ. ಲೆಕ್ಕದ ಪುಸ್ತಕದಲ್ಲಿ ಏಳು ಸಾವಿರ ಕದ್ದರೆ ಅದಕ್ಕೆ ರುಜು ಹಾಕಿಸಿಕೊಳ್ಳುತ್ತಾರೆ.

ಇನ್ನೊಂದು ಉಪಾಯವೂ ಉಂಟು. ಒಂದೇ ಸೂರಿನ ಕೆಳಗೆ ನಲವತ್ತು ಮಂದಿ ದುಡಿಯುತ್ತಿದ್ದರೂ ಹತ್ತೊಂಬತ್ತು ಹೆಸರು ಒಂದು ಪುಸ್ತಕದಲ್ಲಿ, ಹತ್ತೊಂಬತ್ತು ಹೆಸರು ಭಾವಮೈದುನನ ಪುಸ್ತಕದಲ್ಲಿ, ಉಳಿದ ಇಬ್ಬರು ಯಾವ ಪುಸ್ತಕದಲ್ಲಿಯೂ ಇಲ್ಲ. ಇಪ್ಪತ್ತರ ಮಿತಿಯನ್ನು ತಪ್ಪಿಸಿಕೊಳ್ಳುವ ಈ ಆಟವನ್ನು ಊರಿನಲ್ಲಿ ಅರಿಯದವರಿಲ್ಲ. ತಪಾಸಣೆ ಮಾಡಬೇಕಾದವರು ಮಾತ್ರ ಅರಿತಂತೆ ಕಾಣುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬಂತಾಗಿದೆ ನಮ್ಮ ಕಾಯಿದೆಗಳ ಗತಿ.

ವೇಳೆಯ ಪ್ರಶ್ನೆಯೊಂದಿದೆ. ಲೆಕ್ಕದ ವರ್ಷ ಮುಗಿದ ಎಂಟು ತಿಂಗಳೊಳಗೆ ಬೋನಸ್ಸು ಕೊಡಬೇಕೆಂದು ನಿಯಮ. ಮಾರ್ಚ್ 31ಕ್ಕೆ ವರ್ಷ ಮುಗಿದರೆ ನವೆಂಬರ್ 30 ಕೊನೆಯ ದಿನ. ದೀಪಾವಳಿ ಅಕ್ಟೋಬರ್ ನಡುವಿನಿಂದ ನವೆಂಬರ್ ನಡುವಿನ ಒಳಗೇ ಬರುತ್ತದೆ. ಹಬ್ಬಕ್ಕೆ ಮುಂಚೆ ಕೊಡಿರೆಂದು ಕೇಳಿದರೆ ಮಾಲೀಕನ ಮೇಲೆ ಬೀಳುವ ಹೊರೆ ಒಂದು ಪೈಸೆಯೂ ಹೆಚ್ಚಲ್ಲ. ಕೊಡಲೇಬೇಕಾದ ಹಣವನ್ನು ಕೆಲವು ವಾರ ಮುಂದಾಗಿ ಕೊಟ್ಟಂತೆ, ಅಷ್ಟೆ. ಆದರೆ ಕಾರ್ಮಿಕನಿಗೆ ಆ ಕೆಲವು ವಾರಗಳ ಅಂತರವೇ ಸಾಲಕ್ಕೂ ನೆಮ್ಮದಿಗೂ ಇರುವ ಅಂತರ. ಹಬ್ಬಕ್ಕೆ ಹತ್ತು ದಿನ ಮುಂಚೆ ಕಿರುಸಾಲದ ಏಜೆಂಟನು ಬಾಗಿಲಿಗೆ ಬರುತ್ತಾನೆ. ಹಬ್ಬ ಕಳೆದ ಮೇಲೆ ಬೋನಸ್ಸು ಬರುತ್ತದೆ. ಬಂದದ್ದು ಕಂತಿಗೆ ಹೋಗುತ್ತದೆ. ಸಾಲ ಮಾಡಬೇಡಿರೆಂಬ ಸಂದೇಶ ನಿಜವಾಗಿ ಫಲಿಸಬೇಕಾದರೆ ಅದನ್ನು ಗಿರಣಿಯ ಕಛೇರಿಗೆ ಕಳುಹಿಸಬೇಕಾಗಿತ್ತು.

ಈಗ ನಮ್ಮ ಓದುಗರಲ್ಲಿ ಅಂಗಡಿ ಇಟ್ಟುಕೊಂಡವರಿದ್ದಾರಲ್ಲ, ಅವರೊಡನೆ ಎರಡು ಮಾತು. ಕೂಲಿಯ ಪ್ರಶ್ನೆ ಗಿರಣಿಯವರದು, ನಮಗೇನು ಎಂದು ಕೇಳುವ ವ್ಯಾಪಾರಿಗಳು ಉಂಟು. ತಮ್ಮ ಉದ್ರಿ ಪುಸ್ತಕವನ್ನೊಮ್ಮೆ ತೆರೆದು ನೋಡಬೇಕೆಂದು ಅವರಲ್ಲಿ ನಮ್ಮ ವಿನಂತಿ. ಅದರಲ್ಲಿ ಬರೆದಿರುವ ಹೆಸರುಗಳು ಯಾರವು? ಗಿರಣಿಯ ಬಟವಾಡೆ ತಡವಾದ ವಾರ ಸಂತೆಪೇಟೆಯ ತಕ್ಕಡಿ ಮೇಲೇಳುವುದಿಲ್ಲ. ಬೋನಸ್ಸು ಬಂದ ಸಂಜೆ ಬಟ್ಟೆಯಂಗಡಿಯಲ್ಲಿ, ಪಾತ್ರೆಯಂಗಡಿಯಲ್ಲಿ, ಮಿಠಾಯಿ ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ದೊಡ್ಡ ಮಾಲೀಕನ ಲಾಭ ಬೆಂಗಳೂರಿಗೋ ಮುಂಬೈಗೋ ಹೋಗಿ ಕೂರುತ್ತದೆ. ಕಾರ್ಮಿಕನ ಸಂಬಳ ಅದೇ ವಾರ ನಿಮ್ಮ ಗಲ್ಲಾಪೆಟ್ಟಿಗೆಗೆ ಬಂದು ಬೀಳುತ್ತದೆ. ಅಮಾವಾಸ್ಯೆಯ ರಾತ್ರಿ ಲಕ್ಷ್ಮೀಪೂಜೆ ಮಾಡಿ ಹೊಸ ಖಾತೆ ತೆರೆಯುವಾಗ, ಲಕ್ಷ್ಮಿ ಯಾವ ದಾರಿಯಿಂದ ಬರುತ್ತಾಳೆಂಬುದನ್ನು ನೆನೆಯಿರಿ. ಗಿರಣಿ ಗೇಟಿನಿಂದ ನಡೆದು ಬರುತ್ತಾಳೆ.

ಸಣ್ಣ ವ್ಯಾಪಾರಿಯ ಮೇಲೂ ಸಂದೇಶದವರ ಕಣ್ಣು ಹಿತವಾಗಿಲ್ಲ. ಬೀದಿಯ ಮಾಲು ಕೊಳ್ಳಬೇಡಿ ಎನ್ನುತ್ತಾರೆ. ತಳ್ಳುಗಾಡಿ ತೆಗೆಯುತ್ತೇವೆ ಎನ್ನುತ್ತಾರೆ. ಹಣತೆ, ಹೂವು, ಬಾಳೆಕಂದು, ಬೂದುಗುಂಬಳ ಮಾರುವವರಿಗೆ ವರ್ಷದ ವ್ಯಾಪಾರ ಈ ಒಂದು ವಾರ. 2014ರ ಬೀದಿ ವ್ಯಾಪಾರಿಗಳ ಕಾಯಿದೆಯಲ್ಲಿ ಏನಿದೆ? ಮೊದಲು ಸಮೀಕ್ಷೆ ಮಾಡಬೇಕು, ಎಲ್ಲರಿಗೂ ಪತ್ರ ಕೊಡಬೇಕು, ಅದು ಮುಗಿಯುವ ತನಕ ಯಾರನ್ನೂ ಎಬ್ಬಿಸಕೂಡದು. ಜಾಗ ಬದಲಿಸಬೇಕಾದರೆ 30 ದಿನದ ನೋಟೀಸು ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಆರಿಸಿ ಕಳುಹಿಸಿದ ಪ್ರತಿನಿಧಿಗಳಿರಬೇಕು. ಹಬ್ಬಕ್ಕೆ ಹತ್ತು ದಿನವಿರುವಾಗ ಧ್ವನಿವರ್ಧಕದಲ್ಲಿ ಕೂಗಿದ್ದು ಮೂವತ್ತು ದಿನದ ನೋಟೀಸು ಆಗುವುದಿಲ್ಲ. ಪಟಾಕಿಯ ವೇಳೆಗೆ ಕೋರ್ಟಿನ ಆಜ್ಞೆ ನೆನಪಿದ್ದವರಿಗೆ ಪಾರ್ಲಿಮೆಂಟಿನ ಕಾಯಿದೆ ಹೇಗೆ ಮರೆಯಿತು?

2025ರ ಜುಲೈ ತಿಂಗಳನ್ನು ನಮ್ಮ ವ್ಯಾಪಾರಿಗಳು ಇನ್ನೂ ಮರೆತಿರಲಾರರು. ಮೊಬೈಲಿನಲ್ಲಿ ಬಂದ ಹಣವನ್ನೆಲ್ಲ ಕೂಡಿಸಿ, ತರಕಾರಿ ಮಾರುವವನಿಗೂ ಹಾಲು ಮಾರುವವನಿಗೂ ಲಕ್ಷಗಟ್ಟಲೆಯ ತೆರಿಗೆ ನೋಟೀಸುಗಳು ಬಂದವು. ಬಂದ್ ಮಾಡುತ್ತೇವೆಂದು ಎದ್ದು ನಿಂತ ಮೇಲೆಯೇ ಸರಕಾರ ಮಾತುಕತೆಗೆ ಬಂತು, ಹಿಂದಿನ ಬಾಕಿಯ ವಿಷಯದಲ್ಲಿ ಇಳಿದು ಮಾತಾಡಿತು. ಒಟ್ಟಾಗಿ ನಿಂತಾಗ ಮಾತ್ರ ಕಛೇರಿಯ ಕಿವಿ ತೆರೆಯುತ್ತದೆಂಬ ಪಾಠವನ್ನು ಗಿರಣಿಯವರು ನೂರು ವರ್ಷದಿಂದ ಕಲಿಯುತ್ತಿದ್ದಾರೆ; ವ್ಯಾಪಾರಿಗಳು ಆ ತಿಂಗಳು ಕಲಿತರು.

ಇನ್ನು ರಕ್ಷಣೆಯ ಭಾಗಕ್ಕೆ ಬರೋಣ. ಸಂದೇಶದವರ ಕಲ್ಪನೆಯಲ್ಲಿ ಅಪಾಯವೆಂದರೆ ಹೊರಗಿನಿಂದ ಬರುವ ಕಳ್ಳ. ನಮ್ಮ ಮನೆಗಳಿಗೆ ಕಳ್ಳ ಬರುವುದಿಲ್ಲವೆಂದಲ್ಲ. ಆದರೆ ಈ ಊರಿನ ದುಡಿಯುವ ಜನ ಯಾವುದಕ್ಕೆ ಹೆದರಿ ಮಲಗುತ್ತಾರೆಂದು ಯಾರಾದರೂ ಚಾಳಿಗೆ ಬಂದು ಕೇಳಿದ್ದರೆ ಬೇರೆಯದೇ ಪಟ್ಟಿ ಸಿಕ್ಕುತ್ತಿತ್ತು.

ಪಟ್ಟಿಯಲ್ಲಿ ಮೊದಲನೆಯದು ಕೆಲಸದ ಜಾಗ. ಪಟಾಕಿಯ ವೇಳೆಯ ಬಗ್ಗೆ ಎಚ್ಚರಿಕೆ ಕೊಟ್ಟಿದ್ದಾರೆ, ಸಂತೋಷ. 2023ರ ಅಕ್ಟೋಬರ್ 7ರಂದು ಬೆಂಗಳೂರಿನ ಹೊರಗೆ ಅತ್ತಿಬೆಲೆಯಲ್ಲಿ ಪಟಾಕಿ ದಾಸ್ತಾನಿಗೆ ಬೆಂಕಿ ಬಿದ್ದು 14 ಮಂದಿ ಅಲ್ಲೇ ಬೆಂದುಹೋದರು. ಆಮೇಲೆ ಆಸ್ಪತ್ರೆಯಲ್ಲಿಯೂ ಪ್ರಾಣಗಳು ಹೋದವು. ಸತ್ತವರಲ್ಲಿ ಹೆಚ್ಚಿನವರು ಹಬ್ಬದ ವ್ಯಾಪಾರಕ್ಕೆಂದು ತಮಿಳುನಾಡಿನಿಂದ ಕೂಲಿಗೆ ಬಂದಿದ್ದ ಹುಡುಗರು. ಅವರು ರಾತ್ರಿ ಹತ್ತರ ಮೇಲೆ ಪಟಾಕಿ ಹಚ್ಚಿದವರಲ್ಲ. ಹಗಲು ಹೊತ್ತಿನಲ್ಲಿ ಲಾರಿಯಿಂದ ಮಾಲು ಇಳಿಸುವ ಕೆಲಸ ನಡೆದಿತ್ತು. ಅಂಥ ಬೆಂಕಿಯನ್ನು ತಡೆಯುವುದು ಪರವಾನಗಿ ಕೊಡುವ ಕೈ, ದಾಸ್ತಾನು ಅಳೆಯುವ ಕಣ್ಣು. ನಾಗರಿಕರಿಗೆ ಕರಪತ್ರ ಹಂಚಿ ಅದನ್ನು ತಡೆಯಲಾಗದು.

ಗಿರಣಿಗಳ ವಿಷಯವೂ ಹೀಗೆಯೇ. 1948ರ ಕಾರ್ಖಾನೆ ಕಾಯಿದೆಯಲ್ಲಿ, ವಿದ್ಯುತ್ತಿನಿಂದ ಯಂತ್ರ ನಡೆಸುವ ಜಾಗದಲ್ಲಿ ಹತ್ತು ಜನ ದುಡಿಯುತ್ತಿದ್ದರೆ ಅದು ಕಾರ್ಖಾನೆ. 2025ರಲ್ಲಿ ಜಾರಿಗೆ ಬಂದ ಸುರಕ್ಷತಾ ಸಂಹಿತೆಯಲ್ಲಿ ಆ ಹತ್ತನ್ನು ಇಪ್ಪತ್ತು ಮಾಡಿದ್ದಾರೆ. ಹದಿನೈದು ಜನ ದುಡಿಯುವ ಮಗ್ಗದ ಶೆಡ್ಡು, ಎಣ್ಣೆ ಗಿರಣಿ, ಅಕ್ಕಿ ಗಿರಣಿ ನಿನ್ನೆಯವರೆಗೆ ಕಾರ್ಖಾನೆಯಾಗಿದ್ದದ್ದು ಇವತ್ತು ಕಾರ್ಖಾನೆಯಲ್ಲ. ಬೆಲ್ಟು ಅದೇ, ಬಾಯ್ಲರು ಅದೇ, ಹತ್ತಿಯ ಧೂಳು ಅದೇ, ಕೈಬೆರಳುಗಳೂ ಅವೇ. ಕಾಗದದ ಮೇಲೆ ಅಪಾಯ ಕಡಿಮೆಯಾಯಿತು. ಸುರಕ್ಷತೆಯ ಬಗ್ಗೆ ಸಂದೇಶ ಬರೆಯುವವರು ಈ ಶೆಡ್ಡುಗಳ ಬಾಗಿಲನ್ನೊಮ್ಮೆ ತಟ್ಟಬೇಕಾಗಿತ್ತು.

ಎರಡನೆಯದು ಬಾಗಿಲಿಗೆ ಬರುವ ಸಾಲದವನು. ಕಿರುಸಾಲದ ಕಂಪೆನಿಗಳ ಕಾಟ ತಡೆಯಲಾರದೆ ಜನ ಊರು ಬಿಟ್ಟ, ಪ್ರಾಣವನ್ನೇ ಬಿಟ್ಟ ಸುದ್ದಿಗಳು 2025ರ ಆರಂಭದಲ್ಲಿ ಜಿಲ್ಲೆ ಜಿಲ್ಲೆಗಳಿಂದ ಬಂದಾಗ, ಆ ಫೆಬ್ರುವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆ ತಂದಿತು. ಬಲಾತ್ಕಾರದಿಂದ ವಸೂಲಿ ಮಾಡುವವರಿಗೆ ಹತ್ತು ವರ್ಷದವರೆಗೆ ಸಜೆ, ಐದು ಲಕ್ಷ ರೂಪಾಯಿವರೆಗೆ ದಂಡ ಎಂದು ಅದರಲ್ಲಿ ಬರೆಯಿತು. ಒಳ್ಳೆಯದೇ. ಆದರೆ ಹಬ್ಬದ ಸಂದೇಶದಲ್ಲಿ ಇದರ ಸುದ್ದಿಯೇ ಇಲ್ಲ. ಸಾಲ ಮಾಡಬೇಡಿ ಎಂದು ಬರೆಯಲು ಜಾಗವಿತ್ತು. ಸಾಲದವನು ಹೆದರಿಸಿದರೆ ಇಂಥ ಕಡೆ ದೂರು ಕೊಡಿ ಎಂದು ಬರೆಯಲು ಜಾಗವಿರಲಿಲ್ಲ. ಮನೆಗೆ ಹಾಕಿದ ಬೀಗ ಕಳ್ಳನನ್ನು ತಡೆದೀತು. ಸಾಲದವನಿಗೆ ಹೆದರಿ ಬೀಗ ಹಾಕಿಕೊಂಡು ಒಳಗೆ ಕೂತವರನ್ನು ಯಾರು ಕಾಯಬೇಕು?

ಮೂರನೆಯದು ನಮ್ಮ ಹೆಣ್ಣುಮಕ್ಕಳು. ಕತ್ತಲಾದ ಮೇಲೆ ಒಂಟಿಯಾಗಿ ತಿರುಗಬಾರದಂತೆ. ಎರಡನೆಯ ಪಾಳಿ ಬಿಡುವುದು ಎಷ್ಟು ಗಂಟೆಗೆಂದು ಅಧಿಕಾರಿಗಳಿಗೆ ಗೊತ್ತೇ? ನಮ್ಮ ತಾಯಂದಿರು, ತಂಗಿಯರು ಕತ್ತಲಲ್ಲಿ ತಿರುಗುವುದು ಸಂತೋಷಕ್ಕಲ್ಲ. ಹೆಂಗಸರನ್ನು ರಾತ್ರಿ ಪಾಳಿಯಲ್ಲಿ ದುಡಿಸಬಹುದೆಂದು ಕಾಯಿದೆ ಮಾಡಿದ್ದು ಸರಕಾರವೇ; 2023ರಲ್ಲಿ ಕಾರ್ಖಾನೆ ಕಾಯಿದೆಗೆ ನಮ್ಮ ರಾಜ್ಯ ತಂದ ತಿದ್ದುಪಡಿಯಲ್ಲಿಯೇ ಅದಿದೆ. ದುಡಿಸುವಾಗ ರಾತ್ರಿ ಆಗಬಹುದು, ಮನೆಗೆ ನಡೆಯುವಾಗ ಮಾತ್ರ ರಾತ್ರಿ ಆಗಕೂಡದು ಎಂದರೆ ಹೇಗೆ? ಗಿರಣಿಯಿಂದ ಚಾಳಿನವರೆಗೆ ಬೀದಿದೀಪ ಹಾಕಿಸಿ, ಪಾಳಿ ಬಿಡುವ ಹೊತ್ತಿಗೆ ಒಂದು ಬಸ್ಸು ಬಿಡಿಸಿದರೆ, ಆ ಸಂದೇಶವನ್ನು ನಾವೇ ನಮ್ಮ ಖರ್ಚಿನಲ್ಲಿ ಅಚ್ಚು ಹಾಕಿಸಿ ಹಂಚುತ್ತೇವೆ.

ಇಷ್ಟನ್ನು ಹೇಳಿದ ಮೇಲೆ ಒಂದು ಮರುಮಾತು ಬರುವುದು ನಮಗೆ ಗೊತ್ತು. ಬೆಲೆ ಇಳಿಸುವುದು ಒಬ್ಬ ಸ್ಥಳೀಯ ಅಧಿಕಾರಿಯ ಕೈಯಲ್ಲಿದೆಯೇ ಎನ್ನುತ್ತಾರೆ. ಇಲ್ಲ, ನಾವೂ ಒಪ್ಪುತ್ತೇವೆ. 2025ರ ಜನವರಿಯಲ್ಲಿ ಬಸ್ಸಿನ ದರವನ್ನು ನೂರಕ್ಕೆ 15 ಏರಿಸಿದವರು ಅವರಲ್ಲ. ಅದೇ ಏಪ್ರಿಲ್‌ನಲ್ಲಿ ಹಾಲಿಗೆ ಲೀಟರಿಗೆ 4 ರೂಪಾಯಿ ಏರಿಸಿದವರೂ ಅವರಲ್ಲ. ಸರಕಾರ ಏನೂ ಮಾಡಿಲ್ಲವೆಂದೂ ನಾವು ಹೇಳುವುದಿಲ್ಲ. 2023ರಲ್ಲಿ ಆರಂಭವಾದ ಹೆಂಗಸರ ಉಚಿತ ಬಸ್ಸು, ತಿಂಗಳ 2,000 ರೂಪಾಯಿಯ ಗೃಹಲಕ್ಷ್ಮಿ, 200 ಯೂನಿಟ್ಟಿನವರೆಗಿನ ಕರೆಂಟು ಎಷ್ಟೋ ಮನೆಗಳಿಗೆ ಆಸರೆಯಾದವು. ಆದರೆ ಮಾಲೀಕರು ಈಗ ಅದನ್ನೇ ಮುಂದೊಡ್ಡಿ, ಸರಕಾರ ಅಕ್ಕಿ ಕೊಡುತ್ತಿದೆ, ಹಣವನ್ನೂ ಕೊಡುತ್ತಿದೆ, ಕೂಲಿ ಏಕೆ ಹೆಚ್ಚಿಸಬೇಕು ಎನ್ನತೊಡಗಿದ್ದಾರೆ. ಸರಕಾರದ ಬೊಕ್ಕಸದಿಂದ ಬಂದ ಅಕ್ಕಿ ಮಾಲೀಕನ ಕಣಜದಿಂದ ಬಂದದ್ದಲ್ಲ. ಆ ಬೊಕ್ಕಸ ತುಂಬುವುದಾದರೂ ಯಾರಿಂದ? ಸಾಬೂನು, ಬೆಂಕಿಪೆಟ್ಟಿಗೆ ಕೊಂಡವರೆಲ್ಲರ ತೆರಿಗೆಯೂ ಅದರಲ್ಲಿದೆ. ಜನರ ಹಣದಿಂದ ಕೂಲಿಯ ಕೊರತೆ ತುಂಬಿಸಿಕೊಂಡು ಲಾಭವನ್ನು ಮಾತ್ರ ತಾನು ಇಟ್ಟುಕೊಳ್ಳುವ ವ್ಯಾಪಾರಕ್ಕೆ ನಾವು ಒಪ್ಪಲಾರೆವು.

ನಮ್ಮವರಿಗೂ ನಾವು ಹೇಳಬೇಕಾದದ್ದಿದೆ. ಹಬ್ಬದ ಮೂರು ದಿನ ಇಸ್ಪೀಟಿನ ಮುಂದೆ ಕೂತು ಬೋನಸ್ಸನ್ನೆಲ್ಲ ಕಳೆದುಕೊಂಡು ಬರುವ ಅಣ್ಣಂದಿರು ಚಾಳಿನಲ್ಲಿ ಇಲ್ಲವೇ? ಬಟವಾಡೆಯ ದಿನ ಮನೆಗೆ ಬರುವ ಮೊದಲು ಸಾರಾಯಿ ಅಂಗಡಿಗೆ ಹೋಗುವವರು ಇಲ್ಲವೇ? ಅವರ ಹೆಂಡಂದಿರಿಗೆ ಈ ಲೇಖನದಲ್ಲಿ ಬರೆದ ಯಾವ ಹಕ್ಕಿನಿಂದಲೂ ಹಬ್ಬವಾಗುವುದಿಲ್ಲ. ಗುಮಾಸ್ತ ತೋರಿಸಿದ ಕಡೆ ಓದದೆ ರುಜು ಹಾಕುವುದು ಇನ್ನೂ ದೊಡ್ಡ ತಪ್ಪು. ಚೀಟಿಯಲ್ಲಿ 7,000 ಎಂದು ಬರೆದಿದೆಯೋ ಕನಿಷ್ಠ ವೇತನ ಬರೆದಿದೆಯೋ ಎಂದು ನೋಡಲು ನಿಮಿಷ ಸಾಕು. ಓದು ಬಾರದವರು ಮಗನಿಂದಲೋ ಮಗಳಿಂದಲೋ ಓದಿಸಲಿ. ಹೊಟ್ಟೆಪಾಡಿಗಾಗಿ ರುಜು ಹಾಕಲೇಬೇಕಾಗಿ ಬಂದರೂ ಚೀಟಿಯನ್ನು ಹರಿದೊಗೆಯದೆ ಇಟ್ಟುಕೊಳ್ಳಲಿ. ನಾಳೆ ಅದೇ ಸಾಕ್ಷಿ.

ಅಧಿಕಾರಿಗಳ ಕೈಯಲ್ಲಿ ಏನಿದೆಯೆಂಬ ಪ್ರಶ್ನೆಗೆ ಈಗ ಉತ್ತರ ಹೇಳುತ್ತೇವೆ. ಹೊಸ ಕಾಯಿದೆಯಾಗಲಿ, ಬೊಕ್ಕಸದಿಂದ ದೊಡ್ಡ ಮೊತ್ತವಾಗಲಿ ಬೇಡದೆ, ಈ ಹತ್ತು ದಿನಗಳಲ್ಲಿ ಅವರು ಮಾಡಬಹುದಾದ ಐದು ಕೆಲಸಗಳಿವೆ.

ಒಂದು: ಗಿರಣಿ ಮಾಲೀಕರನ್ನೂ ಗುತ್ತಿಗೆದಾರರನ್ನೂ ಕಾರ್ಮಿಕ ಇಲಾಖೆಯವರನ್ನೂ ಒಂದು ಕಡೆ ಕರೆಸಿ, ಹಬ್ಬಕ್ಕೆ ಮುಂಚೆ ಬೋನಸ್ಸು ಕೊಡುವ ದಿನವನ್ನು ಗೊತ್ತುಪಡಿಸಿ, ಯಾವ ಸಂಬಳದ ಮೇಲೆ ಕಟ್ಟುತ್ತಾರೆಂಬುದನ್ನು ಗೇಟಿನ ಹಲಗೆಯ ಮೇಲೆ ಬರೆಸಲಿ.

ಎರಡು: ಹಬ್ಬ ಮುಗಿಯುವ ತನಕ ಒಂದು ತಳ್ಳುಗಾಡಿಯನ್ನೂ ಎಬ್ಬಿಸದೆ, ವ್ಯಾಪಾರ ಸಮಿತಿಯ ಸಭೆ ಕರೆದು ಸಂಚಾರಕ್ಕೂ ವ್ಯಾಪಾರಕ್ಕೂ ಹೊಂದುವಂತೆ ಜಾಗ ಗುರುತಿಸಲಿ.

ಮೂರು: ನ್ಯಾಯಬೆಲೆ ಅಂಗಡಿಗಳಲ್ಲಿ ಹಬ್ಬಕ್ಕೆ ಮುಂಚೆ ದಾಸ್ತಾನು ಬಂದು ಹಂಚಿಕೆ ಮುಗಿಯುವಂತೆ ನೋಡಲಿ; ಯಂತ್ರ ಬೆರಳಚ್ಚು ಹಿಡಿಯುತ್ತಿಲ್ಲವೆಂದು ಮುದುಕಿಯರನ್ನು ಹಿಂದಕ್ಕೆ ಕಳುಹಿಸುವುದನ್ನು ನಿಲ್ಲಿಸಲಿ.

ನಾಲ್ಕು: ಪಟಾಕಿ ದಾಸ್ತಾನುಗಳನ್ನೂ ಶೆಡ್ಡುಗಳನ್ನೂ ತಪಾಸಣೆ ಮಾಡಿಸಲಿ, ಪಾಳಿ ಬಿಡುವ ದಾರಿಯಲ್ಲಿ ದೀಪ ಹಾಕಿಸಲಿ.

ಐದು: ಸಾಲದವರ ಕಾಟದ ಮೇಲಿನ ದೂರನ್ನು ಎಲ್ಲಿ, ಯಾರಲ್ಲಿ ಕೊಡಬೇಕೆಂಬುದನ್ನು ಅದೇ ಆಟೋರಿಕ್ಷಾದಲ್ಲಿ, ಅದೇ ಧ್ವನಿವರ್ಧಕದಲ್ಲಿ ಕೂಗಿಸಲಿ.

ಇವುಗಳಲ್ಲಿ ಮೂರನ್ನಾದರೂ ಮಾಡಿದರೆ ಮುಂದಿನ ವಾರದ ಸಂಚಿಕೆಯಲ್ಲಿ ಅವರನ್ನು ಹೊಗಳಿ ಬರೆಯಲು ನಮಗೆ ಯಾವ ಸಂಕೋಚವೂ ಇಲ್ಲ. ಮಾಡದಿದ್ದರೆ ಅದನ್ನೂ ಬರೆಯುತ್ತೇವೆ. ಅಲ್ಲಿಯವರೆಗೆ ಗಿರಣಿಯ ಗೆಳೆಯರು ತಮ್ಮ ತಮ್ಮ ಹಿಂದಿನ ವರ್ಷದ ಬೋನಸ್ಸಿನ ಚೀಟಿಯನ್ನು ಹುಡುಕಿ ತೆಗೆದಿಡಲಿ, ಸಂಘದ ಕಛೇರಿಗೆ ತರಲಿ, ಲೆಕ್ಕವನ್ನು ಒಟ್ಟಿಗೆ ಕೂತು ನೋಡೋಣ. ಅಂಗಡಿಯ ಗೆಳೆಯರೂ ಬರಲಿ. ಲೆಕ್ಕ ಕಟ್ಟುವುದರಲ್ಲಿ ಅವರ ಕೈ ನಮ್ಮದಕ್ಕಿಂತ ಪಳಗಿದೆ, ಮತ್ತು ಈ ಹಣ ಕೊನೆಗೆ ಬರಬೇಕಾದದ್ದು ಅವರ ಅಂಗಡಿಗೇ.

ಅಧಿಕಾರಿಗಳಿಗೆ ನಮ್ಮ ಕಡೆಯಿಂದಲೂ ಹಬ್ಬದ ಶುಭಾಶಯಗಳು. ಅವರ ಸಂದೇಶ ನಮಗೆ ತಲುಪಿದೆ. ನಮ್ಮದು ಅವರಿಗೆ ತಲುಪಲಿ.